ಆ ನಡುಕ ಯಾವ ನಡುಕ? ಲಿಬ್ಬಿ ಝಯಾನ್ ಪ್ರಕರಣ ಮತ್ತು ಸೆರೊಟೋನಿನ್ ಸಿಂಡ್ರೋಮ್

1984ರ ಮಾರ್ಚ್ 4, ಭಾನುವಾರ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ನ್ಯೂಯಾರ್ಕ್ ಹಾಸ್ಪಿಟಲ್‌ನ ಎಮರ್ಜೆನ್ಸಿಗೆ 18 ವರ್ಷದ ಹುಡುಗಿಯೊಬ್ಬಳು ಬಂದಳು. ಜ್ವರ ಜೋರಾಗಿತ್ತು. ತಳಮಳ, ಒಂದು ಕಡೆ ನೆಮ್ಮದಿಯಾಗಿ ಮಲಗಲು ಆಗುತ್ತಿರಲಿಲ್ಲ. ಮೈಕೈ ತಾನಾಗಿಯೇ ಎಗರಿ ಎಗರಿ ಬೀಳುತ್ತಿತ್ತು.

ಹೆಸರು ಲಿಬ್ಬಿ ಝಯಾನ್. ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಕಾಲೇಜಿನಲ್ಲಿ ಮೊದಲ ವರ್ಷ. ಖಿನ್ನತೆಗೆ ಫೆನೆಲ್ಜಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಸುಮಾರು ಎಂಟು ಗಂಟೆಗಳ ನಂತರ, ಸೋಮವಾರ ಬೆಳಿಗ್ಗೆ, ಅದೇ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು.

ವೈದ್ಯಲೋಕದಲ್ಲಿ ಈ ಪ್ರಕರಣ ಕೇಳದವರು ಕಡಿಮೆ. ಆದರೆ ಹೆಚ್ಚಿನವರಿಗೆ ಇದು ಗೊತ್ತಿರುವುದು ಕಿರಿಯ ವೈದ್ಯರ ಡ್ಯೂಟಿ ಸಮಯದ ಕಥೆಯಾಗಿ. ನಿದ್ದೆಗೆಟ್ಟ ವೈದ್ಯರು, ಒಬ್ಬರ ತಲೆ ಮೇಲೆ ಹತ್ತಾರು ರೋಗಿಗಳು, ಆಮೇಲೆ ಬಂದ ಕಾನೂನು. ಅದೆಲ್ಲ ನಿಜ, ಮುಖ್ಯವೂ ಹೌದು. ಆದರೂ ನನಗೆ ಆ ರಾತ್ರಿಯಲ್ಲಿ ಕಾಡುವುದು ಇನ್ನೊಂದು ವಿಷಯ. ಮಂಚದ ಮೇಲೆ ನಡುಗುತ್ತಿದ್ದ ಹುಡುಗಿಯ ಕಾಲನ್ನು ಮುಟ್ಟಿ ನೋಡಿ, ಅವಳ ಮಾತ್ರೆಯ ಹೆಸರಿನ ಜೊತೆ ಹೊಂದಿಸಿ ನೋಡಿದ್ದರೆ ಏನು ಕಾಣುತ್ತಿತ್ತು? ಈ ಪ್ರಕರಣವನ್ನು ಆ ಕಡೆಯಿಂದ ಓದೋಣ.

ಆ ರಾತ್ರಿ ನಡೆದದ್ದು

ಎಮರ್ಜೆನ್ಸಿಯಲ್ಲಿ ನೋಡಿದವರಿಗೆ ಇದು ಏನೆಂದು ಖಚಿತವಾಗಲಿಲ್ಲ. ಒಳಗೆ ದಾಖಲು ಮಾಡಿಕೊಂಡು ಗಮನಿಸೋಣ, ಡ್ರಿಪ್ ಹಾಕೋಣ ಎಂದು ತೀರ್ಮಾನಿಸಿದರು. ವಾರ್ಡಿನಲ್ಲಿ ಇಬ್ಬರು ಕಿರಿಯ ವೈದ್ಯರು ಪರೀಕ್ಷೆ ಮಾಡಿದರು. ಒಬ್ಬರು ತರಬೇತಿಯ ಮೊದಲ ವರ್ಷದವರು, ಇನ್ನೊಬ್ಬರು ಎರಡನೇ ವರ್ಷದವರು. ಕುಟುಂಬದ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದರು. ವೈರಲ್ ಜ್ವರ, ಜೊತೆಗೆ ಹಿಸ್ಟೀರಿಯಾದ ಲಕ್ಷಣ ಎಂದುಕೊಂಡರು.

ನಡುಕ ನಿಲ್ಲಲಿ ಎಂದು ಪೆಥಿಡಿನ್ ಇಂಜೆಕ್ಷನ್ ಕೊಟ್ಟರು. ಅಮೆರಿಕದಲ್ಲಿ ಅದನ್ನು ಮೆಪೆರಿಡಿನ್ ಅನ್ನುತ್ತಾರೆ. ಆಗ ಬೆಳಗಿನ ಜಾವ. ಮೊದಲ ವರ್ಷದ ವೈದ್ಯೆಗೆ ಇನ್ನೂ ಸುಮಾರು 40 ರೋಗಿಗಳಿದ್ದರು, ಅವರು ಆ ಕಡೆ ಹೋದರು. ಎರಡನೇ ವರ್ಷದವರು ಎದುರಿನ ಕಟ್ಟಡಕ್ಕೆ ಸ್ವಲ್ಪ ನಿದ್ದೆ ಮಾಡಲು ಹೋದರು.

ಇಂಜೆಕ್ಷನ್ ಆದ ಮೇಲೆ ಲಿಬ್ಬಿಯ ಒದ್ದಾಟ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ನರ್ಸ್‌ಗಳು ಫೋನ್ ಮಾಡಿದರು. ಬಿದ್ದು ಏಟು ಮಾಡಿಕೊಳ್ಳಬಾರದು ಎಂದು ಕೈಕಾಲು ಕಟ್ಟಲು ಆದೇಶ ಬಂತು. ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಡಲು ಹೇಳಿದರು. ಅವಳು ಸುಮ್ಮನಾದಳು, ನಿದ್ದೆ ಹತ್ತಿದ ಹಾಗೆ ಕಂಡಿತು. ಬೆಳಿಗ್ಗೆ ಆರೂವರೆಗೆ ಜ್ವರ ನೋಡಿದಾಗ 107 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ 42 ಸೆಲ್ಸಿಯಸ್. ತಣ್ಣೀರು ಬಟ್ಟೆ ಹಾಕಿ ಮೈ ತಂಪು ಮಾಡಲು ನೋಡಿದರು. ಹೃದಯ ನಿಂತಿತು. ಮತ್ತೆ ಶುರುವಾಗಲಿಲ್ಲ.

ಮೂರು ಹೆಜ್ಜೆ ನೋಡಿ. ನಡುಕಕ್ಕೆ ಪೆಥಿಡಿನ್, ಒದ್ದಾಟಕ್ಕೆ ಹಗ್ಗ, ಗಲಾಟೆಗೆ ಹ್ಯಾಲೊಪೆರಿಡಾಲ್. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾವ ವಾರ್ಡಿನಲ್ಲಾದರೂ ನಡೆಯುವಂಥದ್ದೇ. ಆಪರೇಷನ್ ನಂತರ ಚಳಿ ನಡುಕ ಬಂದರೆ ಪೆಥಿಡಿನ್ ಕೊಡುವುದು ಹಳೆಯ ರೂಢಿ. ನಮ್ಮ ಆಪರೇಷನ್ ಥಿಯೇಟರ್‌ಗಳಲ್ಲೂ ಬೆನ್ನಿಗೆ ಅನಸ್ತೇಶಿಯ ಕೊಟ್ಟ ಮೇಲೆ ನಡುಗುವ ಬಾಣಂತಿಗೆ ಪೆಥಿಡಿನ್ ಅಥವಾ ಟ್ರಮಡಾಲ್ ಕೊಡುತ್ತಾರೆ, ನಡುಕ ನಿಲ್ಲುತ್ತದೆ. ಹಾಗಾಗಿ ಆ ಇಬ್ಬರು ಯುವ ವೈದ್ಯರ ಕೈ ಪೆಥಿಡಿನ್ ಕಡೆ ಹೋದದ್ದು ನನಗೆ ಅರ್ಥವಾಗುತ್ತದೆ. ಆದರೆ ಈ ನಡುಕ ಬೇರೆ.

ಒಂದು ಕೆರೆ, ಎರಡು ತೂಬು

ಸೆರೊಟೋನಿನ್ ಎಂದರೆ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕ. ಮನಸ್ಸಿನ ಸ್ಥಿತಿ, ನಿದ್ದೆ, ಮೈಬಿಸಿ, ಕರುಳಿನ ಚಲನೆ, ಎಲ್ಲದರಲ್ಲೂ ಅದರ ಕೈ ಇದೆ. ನರದ ತುದಿಯಿಂದ ಹೊರಬಂದ ಸೆರೊಟೋನಿನ್ ಕೆಲಸ ಮುಗಿಸಿದ ಮೇಲೆ ಅಲ್ಲಿಂದ ಖಾಲಿಯಾಗಬೇಕು. ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ನರವೇ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುವುದು. ಇನ್ನೊಂದು, ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಒಡೆದು ಹಾಕುವುದು. ಕೆರೆಗೆ ಎರಡು ತೂಬು ಇದ್ದ ಹಾಗೆ.

ಫೆನೆಲ್ಜಿನ್ ಎರಡನೇ ತೂಬನ್ನು ಮುಚ್ಚುತ್ತದೆ. ಅದೂ ಮತ್ತೆ ತೆರೆಯದ ಹಾಗೆ. ಮಾತ್ರೆ ನಿಲ್ಲಿಸಿದರೂ ದೇಹ ಹೊಸ ಕಿಣ್ವ ಮಾಡಿಕೊಳ್ಳಲು ಸುಮಾರು ಎರಡು ವಾರ ಬೇಕು. ಪೆಥಿಡಿನ್ ನೋವಿನ ಔಷಧಿ ಎಂದೇ ನಮಗೆ ಪರಿಚಯ. ಆದರೆ ಅದಕ್ಕೆ ಇನ್ನೊಂದು ಗುಣವಿದೆ, ಮೊದಲನೇ ತೂಬನ್ನು ಅದು ಅರ್ಧ ಮುಚ್ಚುತ್ತದೆ. ಎರಡೂ ಒಟ್ಟಿಗೆ ಸೇರಿದರೆ ಕೆರೆ ಕೋಡಿ ಬೀಳುತ್ತದೆ. ಹೀಗೆ ಸೆರೊಟೋನಿನ್ ಅತಿಯಾದಾಗ ಬರುವ ಕಾಯಿಲೆಯೇ ಸೆರೊಟೋನಿನ್ ಸಿಂಡ್ರೋಮ್.

ಇವೆರಡು ಸೇರಿದರೆ ಪ್ರಾಣಕ್ಕೇ ಅಪಾಯ ಎಂಬುದು 1950ರ ದಶಕದಿಂದಲೇ ಗೊತ್ತಿತ್ತು. ಆದರೆ 1984ರಲ್ಲಿ 'ಸೆರೊಟೋನಿನ್ ಸಿಂಡ್ರೋಮ್' ಎಂಬ ಹೆಸರೇ ವಾರ್ಡುಗಳ ಮಾತಿನಲ್ಲಿ ಇರಲಿಲ್ಲ. 1991ರಲ್ಲಿ ಹಾರ್ವಿ ಸ್ಟರ್ನ್‌ಬಾಕ್ ಅವರು ಅಲ್ಲಿಯವರೆಗೆ ವರದಿಯಾಗಿದ್ದ 38 ರೋಗಿಗಳ ವಿವರ ಕಲೆಹಾಕಿ ಮೊದಲ ಬಾರಿಗೆ ಲಕ್ಷಣಗಳ ಪಟ್ಟಿ ಕೊಟ್ಟರು. ಅಷ್ಟು ಹೊತ್ತಿಗೆ ಲಿಬ್ಬಿ ಹೋಗಿ ಏಳು ವರ್ಷ.

ಒಂದು ಮಾತು ಇಲ್ಲೇ ಹೇಳಬೇಕು. ಅವಳ ಸಾವಿನ ಕಾರಣ ಕೊನೆಯವರೆಗೂ ವಿವಾದವಾಗಿಯೇ ಉಳಿಯಿತು. ಮೊದಲು ಶವಪರೀಕ್ಷೆಯಲ್ಲಿ ನ್ಯುಮೋನಿಯಾ ಎಂದು ಬರೆದರು. ಕೆಲವು ಪರೀಕ್ಷೆಗಳಲ್ಲಿ ಕೊಕೇನ್ ಅಂಶ ಸಿಕ್ಕಿತು ಎಂದು ವೈದ್ಯರ ಪರ ವಕೀಲರು ವಾದಿಸಿದರು, ಮನೆಯವರು ಒಪ್ಪಲಿಲ್ಲ. 1995ರಲ್ಲಿ ಸಿವಿಲ್ ಮೊಕದ್ದಮೆಯ ಜ್ಯೂರಿ ಪೆಥಿಡಿನ್ ಕೊಟ್ಟದ್ದು ತಪ್ಪು ಎಂದು ವೈದ್ಯರನ್ನು ಹೊಣೆ ಮಾಡಿತು, ಕೊಕೇನ್ ವಿಷಯ ಹೇಳಲಿಲ್ಲ ಎಂದು ಅರ್ಧ ಹೊಣೆಯನ್ನು ಲಿಬ್ಬಿಯ ಮೇಲೂ ಹಾಕಿತು. ಕೊಕೇನ್ ಕೂಡ ಸೆರೊಟೋನಿನ್‌ನ ಅದೇ ಮೊದಲನೇ ತೂಬನ್ನು ಮುಚ್ಚುವ ವಸ್ತು. ಹಾಗಾಗಿ ಆ ವಾದ ನಿಜವೋ ಸುಳ್ಳೋ, ಎರಡರಲ್ಲೂ ಬೆರಳು ಸೆರೊಟೋನಿನ್ ಕಡೆಗೇ ತೋರುತ್ತದೆ. ಇಂದು ಈ ರೋಗದ ಬಗ್ಗೆ ಬರೆಯುವವರು ಲಿಬ್ಬಿಯ ಹೆಸರಿನಿಂದಲೇ ಶುರು ಮಾಡುವುದು ಅದಕ್ಕೇ.

ಕಾಲಿನಲ್ಲಿ ಸಿಗುವ ಸುಳಿವು

ಈ ರೋಗಕ್ಕೆ ರಕ್ತಪರೀಕ್ಷೆ ಇಲ್ಲ. ರಕ್ತದಲ್ಲಿ ಸೆರೊಟೋನಿನ್ ಎಷ್ಟಿದೆ ಎಂದು ಅಳೆದರೆ ಉಪಯೋಗವಿಲ್ಲ, ಅದಕ್ಕೂ ಕಾಯಿಲೆಯ ತೀವ್ರತೆಗೂ ತಾಳೆಯಾಗುವುದಿಲ್ಲ. ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಬೇಕಾದದ್ದು ಎರಡೇ. ರೋಗಿ ಏನೇನು ಔಷಧಿ ತೆಗೆದುಕೊಂಡಿದ್ದಾನೆ ಎಂಬ ಪೂರ್ತಿ ಲೆಕ್ಕ, ಮತ್ತು ರೋಗಿಯ ಮೈಮೇಲೆ ನಮ್ಮ ಕೈ.

ಲಕ್ಷಣಗಳು ಮೂರು ಕಡೆ ಕಾಣುತ್ತವೆ. ಮನಸ್ಸಿನಲ್ಲಿ ತಳಮಳ, ಗೊಂದಲ, ಗಾಬರಿ. ಮೈಯಲ್ಲಿ ಬೆವರು, ಜ್ವರ, ನಾಡಿ ಓಟ, ಬಿಪಿ ಏರಿಳಿತ, ಕಣ್ಣಿನ ಪಾಪೆ ದೊಡ್ಡದಾಗುವುದು, ಭೇದಿ. ಮಾಂಸಖಂಡದಲ್ಲಿ ನಡುಕ, ಎಗರಾಟ, ಬಿಗಿತ. ಮೊದಲ ಎರಡು ಗುಂಪು ನೂರು ಕಾಯಿಲೆಗಳಲ್ಲಿ ಬರುತ್ತವೆ. ಮೂರನೆಯದನ್ನು ಹುಡುಕಿಕೊಂಡು ಹೋಗಬೇಕು.

ಹುಡುಕುವುದು ಹೀಗೆ. ರೋಗಿಯ ಮಂಡಿಯನ್ನು ಸ್ವಲ್ಪ ಮಡಚಿ, ಪಾದವನ್ನು ಅಂಗೈಯಲ್ಲಿ ಹಿಡಿದು, ಒಮ್ಮೆಲೇ ಮೇಲಕ್ಕೆ ತಳ್ಳಿ ಹಾಗೇ ಹಿಡಿದುಕೊಳ್ಳಿ. ಆರೋಗ್ಯವಂತರಲ್ಲಿ ಪಾದ ಸುಮ್ಮನಿರುತ್ತದೆ. ಸೆರೊಟೋನಿನ್ ಸಿಂಡ್ರೋಮ್ ಇದ್ದರೆ ಪಾದ ನಿಮ್ಮ ಕೈಯೊಳಗೇ ಟಕ ಟಕ ಟಕ ಎಂದು ಲಯಬದ್ಧವಾಗಿ ಹೊಡೆದುಕೊಳ್ಳಲು ಶುರು ಮಾಡುತ್ತದೆ. ಇದನ್ನು ಕ್ಲೋನಸ್ ಅನ್ನುತ್ತಾರೆ. ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಜೋರಾಗಿ ಎಗರುತ್ತದೆ. ಇವೆಲ್ಲ ಕೈಗಿಂತ ಕಾಲಿನಲ್ಲಿ ಜಾಸ್ತಿ. ಕಣ್ಣುಗುಡ್ಡೆ ತಾನಾಗಿ ಅದುರುತ್ತಿದ್ದರೆ ಅದೂ ಇದರದ್ದೇ ಗುರುತು. ಜ್ವರದ ಚಳಿಯಲ್ಲಿ ಇಡೀ ಮೈ ಗಡಗಡ ನಡುಗುತ್ತದೆ, ಪಾದ ಹೀಗೆ ತಾಳ ಹಾಕುವುದಿಲ್ಲ. ಈ ಒಂದು ವ್ಯತ್ಯಾಸ ಕೈಗೆ ಹತ್ತಿದವರು ಮತ್ತೆ ಮರೆಯುವುದಿಲ್ಲ. ಹೌಸ್ ಸರ್ಜನ್ ಆಗಿರುವಾಗಲೇ ಎಲ್ಲರೂ ಒಮ್ಮೆ ಕೈಯಾರೆ ನೋಡಬೇಕು ಎಂಬುದು ನನ್ನ ಆಸೆ.

2003ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನ ವಿಷವೈದ್ಯರು ತಮ್ಮ ಹಂಟರ್ ಪ್ರದೇಶದ ರೋಗಿಗಳ ದಾಖಲೆಯಿಂದ ಒಂದು ಸರಳ ನಿಯಮ ಕಟ್ಟಿದರು. ಸೆರೊಟೋನಿನ್ ಏರಿಸುವ ಔಷಧಿ ತೆಗೆದುಕೊಂಡವರಲ್ಲಿ ಕ್ಲೋನಸ್ ತಾನಾಗಿಯೇ ಬರುತ್ತಿದ್ದರೆ ಅಷ್ಟೇ ಸಾಕು, ರೋಗ ಅದೇ. ನಾವು ಪಾದ ತಳ್ಳಿದಾಗ ಮಾತ್ರ ಬಂದರೆ, ಅಥವಾ ಕಣ್ಣುಗುಡ್ಡೆ ಅದುರುತ್ತಿದ್ದರೆ, ಜೊತೆಗೆ ತಳಮಳವೋ ಬೆವರೋ ಇರಬೇಕು. ನಡುಕದ ಜೊತೆ ಮಂಡಿಯ ಎಗರಾಟ ಹೆಚ್ಚಿದ್ದರೂ ಸಾಕು. ಮೈ ಬಿಗಿದು, ಜ್ವರ 38 ಸೆಲ್ಸಿಯಸ್ ದಾಟಿ, ಪಾದದಲ್ಲೋ ಕಣ್ಣಲ್ಲೋ ಕ್ಲೋನಸ್ ಇದ್ದರೂ ಅದೇ. ಹಂಟರ್ ನಿಯಮ ಎಂದು ಇದಕ್ಕೆ ಹೆಸರು. 1991ರ ಪಟ್ಟಿಗಿಂತ ಇದು ಹೆಚ್ಚು ನಿಖರ.

ಒಂದು ಎಚ್ಚರಿಕೆ: ತೀರಾ ಬಿಗಡಾಯಿಸಿದ ರೋಗಿಯಲ್ಲಿ ಮಾಂಸಖಂಡ ಎಷ್ಟು ಬಿಗಿಯುತ್ತದೆ ಎಂದರೆ ಕ್ಲೋನಸ್ ಅದರಡಿ ಮುಚ್ಚಿಹೋಗಬಹುದು. ಪಾದ ಅದುರಲಿಲ್ಲ ಎಂದು ಆಗ ಸಮಾಧಾನಪಡಬಾರದು.

ಲಿಬ್ಬಿಯ ಪ್ರಕರಣಕ್ಕೆ ಈ ಅಳತೆ ಹಿಡಿದರೆ? ಖಿನ್ನತೆಯ ಮಾತ್ರೆ ಇತ್ತು. ಜ್ವರ, ತಳಮಳ, ಎಗರಾಟ ಇತ್ತು. ಪಾದ ಹಿಡಿದು ನೋಡುವುದೊಂದು ಬಾಕಿ. 'ಹಿಸ್ಟೀರಿಯಾ' ಎಂಬ ಪದ ಬಂದ ಕೂಡಲೇ ಕೈ ಹಿಂದೆ ಸರಿಯುತ್ತದೆ. ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು, ಮೈ ಸರಿಯಿಲ್ಲ ಎಂದಾಗ 'ಎಲ್ಲ ಮನಸ್ಸಿನದ್ದು' ಎನಿಸಿಕೊಳ್ಳುವುದು ನಮ್ಮಲ್ಲೂ ಇದೆ. ಅದು ನನಗೆ ತುಂಬಾ ನೋವು ಕೊಡುತ್ತದೆ. ಆ ಮಾತ್ರೆಯ ಹೆಸರು ಕೇಳಿದಾಗ ಪರೀಕ್ಷೆ ಇನ್ನೂ ಗಟ್ಟಿಯಾಗಬೇಕು ಅಲ್ವಾ?

ಇದರ ಜೊತೆ ಗೊಂದಲವಾಗುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್. ಅದು ಹ್ಯಾಲೊಪೆರಿಡಾಲ್‌ನಂಥ ಔಷಧಿಗಳಿಂದ ಬರುತ್ತದೆ, ದಿನಗಟ್ಟಲೆ ನಿಧಾನವಾಗಿ ಏರುತ್ತದೆ, ಮೈ ಸೀಸದ ಕೊಳವೆಯ ಹಾಗೆ ಬಿಗಿಯುತ್ತದೆ, ಮಂಡಿ ಎಗರುವುದಿಲ್ಲ. ಸೆರೊಟೋನಿನ್ ಸಿಂಡ್ರೋಮ್‌ಗೆ ಅಷ್ಟು ತಾಳ್ಮೆಯಿಲ್ಲ. ಹೊಸ ಔಷಧಿ ಸೇರಿದ ಅಥವಾ ಡೋಸ್ ಏರಿಸಿದ ಆರು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಶುರುವಾಗುತ್ತದೆ. ಉಮ್ಮತ್ತಿಯಂಥ ವಿಷದಲ್ಲೂ ಜ್ವರ, ಗೊಂದಲ, ದೊಡ್ಡ ಪಾಪೆ ಇರುತ್ತದೆ. ಆದರೆ ಅಲ್ಲಿ ಚರ್ಮ ಒಣ, ಹೊಟ್ಟೆ ಸದ್ದಿಲ್ಲದೆ ಮಲಗಿರುತ್ತದೆ. ಇಲ್ಲಿ ಮೈ ಬೆವರಿನಲ್ಲಿ ತೊಯ್ದಿರುತ್ತದೆ, ಹೊಟ್ಟೆ ಗುಡುಗುಡು ಅನ್ನುತ್ತದೆ.

ಚಿಕಿತ್ಸೆ, ಅದೇ ರಾತ್ರಿಯ ಬೆಳಕಿನಲ್ಲಿ

ಮೊದಲ ಚಿಕಿತ್ಸೆ ನಿಲ್ಲಿಸುವುದು. ಸೆರೊಟೋನಿನ್ ಏರಿಸುವ ಎಲ್ಲ ಔಷಧಿಯನ್ನೂ ಆ ಕ್ಷಣದಿಂದ ನಿಲ್ಲಿಸಬೇಕು. ಸೌಮ್ಯವಾದ ಎಷ್ಟೋ ಪ್ರಕರಣಗಳು ಇಷ್ಟರಿಂದಲೇ, ಡ್ರಿಪ್ ಮತ್ತು ನಿಗಾದ ಜೊತೆ, ಒಂದು ದಿನದಲ್ಲಿ ಇಳಿಯುತ್ತವೆ. ಫೆನೆಲ್ಜಿನ್‌ನಂಥ ಮಾತ್ರೆ ಅಥವಾ ಮೈಯಲ್ಲಿ ಬಹಳ ದಿನ ಉಳಿಯುವ ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಇದ್ದರೆ ಜಾಸ್ತಿ ಹೊತ್ತು ಬೇಕು.

ಎರಡನೆಯದು ಮಾಂಸಖಂಡವನ್ನು ಸಡಿಲ ಮಾಡುವುದು. ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಇಂಜೆಕ್ಷನ್ ಇಲ್ಲಿ ದೊಡ್ಡ ಆಸರೆ. ತಳಮಳ ಇಳಿಯುತ್ತದೆ, ಎಗರಾಟ ಇಳಿಯುತ್ತದೆ, ಜೊತೆಗೆ ನಾಡಿ, ಬಿಪಿ ಕೂಡ. ಕಟ್ಟಿಹಾಕುವುದು ಇದಕ್ಕೆ ಪೂರ್ತಿ ಉಲ್ಟಾ. ಕಟ್ಟಿದ ಹಗ್ಗದ ವಿರುದ್ಧ ರೋಗಿ ಎಳೆದಾಡುತ್ತಾನೆ, ಮಾಂಸಖಂಡ ಇನ್ನೂ ಬಿಗಿಯುತ್ತದೆ, ಬಿಸಿ ಏರುತ್ತದೆ, ರಕ್ತದಲ್ಲಿ ಆಮ್ಲ ತುಂಬುತ್ತದೆ. ಹ್ಯಾಲೊಪೆರಿಡಾಲ್‌ನಿಂದಲೂ ಇಲ್ಲಿ ಒಳ್ಳೆಯದಾಗುವುದಿಲ್ಲ. ರೋಗಿ ಮೇಲ್ನೋಟಕ್ಕೆ ಶಾಂತವಾಗಬಹುದು, ಬಿಸಿ ಹೊರಹಾಕುವ ಶಕ್ತಿ ಮಾತ್ರ ಕುಗ್ಗುತ್ತದೆ.

ಜ್ವರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೋಂಕಿನ ಜ್ವರದಲ್ಲಿ ಮೆದುಳು ತಾನೇ ಬಿಸಿಯ ಮಟ್ಟವನ್ನು ಏರಿಸಿಕೊಂಡಿರುತ್ತದೆ. ಪ್ಯಾರಾಸಿಟಮಾಲ್ ಆ ಮಟ್ಟವನ್ನು ಇಳಿಸುತ್ತದೆ. ಇಲ್ಲಿ ಬಿಸಿ ಹುಟ್ಟುವುದು ಸತತವಾಗಿ ದುಡಿಯುತ್ತಿರುವ ಮಾಂಸಖಂಡದಲ್ಲಿ. ಪ್ಯಾರಾಸಿಟಮಾಲ್ ಎಷ್ಟು ಕೊಟ್ಟರೂ ಅಲ್ಲಿಗೆ ಮುಟ್ಟುವುದಿಲ್ಲ. ಒಲೆ ಆರಿಸದೆ ಪಾತ್ರೆಗೆ ತಣ್ಣೀರು ಚಿಮುಕಿಸಿದರೆ ಎಷ್ಟು ತಣಿದೀತು? ಜ್ವರ 41.1 ಸೆಲ್ಸಿಯಸ್ ದಾಟಿತೆಂದರೆ ಕಾಯುವ ಹೊತ್ತು ಮುಗಿಯಿತು. ಐಸಿಯುನಲ್ಲಿ ರೋಗಿಗೆ ಪೂರ್ತಿ ಮಂಪರು ಕೊಟ್ಟು, ಮಾಂಸಖಂಡವನ್ನೇ ನಿಶ್ಚಲ ಮಾಡುವ ವೆಕ್ಯುರೋನಿಯಂನಂಥ ಔಷಧಿ ಕೊಟ್ಟು, ವೆಂಟಿಲೇಟರ್ ಹಾಕಬೇಕು. ಸಕ್ಸಿನೈಲ್‌ಕೋಲಿನ್ ಬೇಡ, ಮಾಂಸಖಂಡ ಒಡೆದಿರುವವರಲ್ಲಿ ಅದು ಪೊಟ್ಯಾಸಿಯಂ ಏರಿಸಿ ಹೃದಯ ನಿಲ್ಲಿಸಬಹುದು. ಜೊತೆಜೊತೆಗೆ ಹೊರಗಿನಿಂದ ಮೈ ತಣಿಸಬೇಕು. ರಕ್ತದಲ್ಲಿ ಸಿಪಿಕೆ (ಮಾಂಸಖಂಡ ಒಡೆದರೆ ಏರುವ ಕಿಣ್ವ), ಕ್ರಿಯಾಟಿನಿನ್ (ಕಿಡ್ನಿಯ ಕೆಲಸದ ಅಳತೆ), ಪೊಟ್ಯಾಸಿಯಂ ಮತ್ತೆ ಮತ್ತೆ ನೋಡುತ್ತಿರಬೇಕು, ಮೂತ್ರದ ಬಣ್ಣವನ್ನೂ. ಫೆನೆಲ್ಜಿನ್ ತೆಗೆದುಕೊಂಡವರ ಬಿಪಿ ಕುಸಿದರೆ ಡೋಪಮಿನ್ ಬದಲು ನಾರ್‌ಅಡ್ರಿನಲಿನ್ ಸಣ್ಣ ಪ್ರಮಾಣದಲ್ಲಿ ಬಳಸುತ್ತಾರೆ.

ಇನ್ನು ಪ್ರತ್ಯೌಷಧ. ಅದರ ಹೆಸರು ಕೇಳಿದರೆ ನಮ್ಮೂರಿನ ತಾಯಂದಿರಿಗೆ ಆಶ್ಚರ್ಯವಾದೀತು. ಮಗು ಊಟ ಮಾಡುವುದಿಲ್ಲ ಎಂದರೆ ಹಸಿವಾಗಲಿ ಎಂದು ಬರೆದುಕೊಡುವ ಸಿರಪ್ ಇದೆಯಲ್ಲ, ಸೈಪ್ರೊಹೆಪ್ಟಡಿನ್, ಅದೇ. ಅಲರ್ಜಿಗೆ ಬಂದ ಈ ಹಳೆಯ ಔಷಧಿ ಸೆರೊಟೋನಿನ್ ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ದೊಡ್ಡವರಿಗೆ ಮೊದಲು 12 ಮಿಲಿಗ್ರಾಂ, ಆಮೇಲೆ ಲಕ್ಷಣ ಇಳಿಯುವವರೆಗೆ ಎರಡು ಗಂಟೆಗೊಮ್ಮೆ 2 ಮಿಲಿಗ್ರಾಂ, ನಂತರ ಆರು ಗಂಟೆಗೊಮ್ಮೆ 8 ಮಿಲಿಗ್ರಾಂ ಎಂಬುದು ರೂಢಿಯ ಲೆಕ್ಕ. ಇಂಜೆಕ್ಷನ್ ರೂಪ ಇಲ್ಲ. ನುಂಗಲಾಗದಿದ್ದರೆ ಮಾತ್ರೆ ಪುಡಿ ಮಾಡಿ, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್‌ನಲ್ಲಿ ಹಾಕುತ್ತಾರೆ. ಇದು ಸಣ್ಣ ಊರಿನ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ. ಆದರೆ ಇದು ಮನೆಯಲ್ಲಿ ಕೊಟ್ಟು ಕಾಯುವ ಮದ್ದಲ್ಲ, ಆಸ್ಪತ್ರೆಯ ಒಳಗೇ ಆಗಬೇಕಾದ ಕೆಲಸ.

ಲಿಬ್ಬಿಯ ನಂತರ

ಅವಳ ತಂದೆ ಸಿಡ್ನಿ ಝಯಾನ್ ಪತ್ರಕರ್ತರು, ವಕೀಲಿ ಓದಿದವರು. ಸುಮ್ಮನೆ ಕೂರಲಿಲ್ಲ. 1986ರಲ್ಲಿ ಗ್ರ್ಯಾಂಡ್ ಜ್ಯೂರಿ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸಲಿಲ್ಲ, ಆದರೆ ತರಬೇತಿ ವೈದ್ಯರನ್ನು ದುಡಿಸುವ ರೀತಿಯನ್ನು ಕಟುವಾಗಿ ಟೀಕಿಸಿತು. ಬರ್ಟ್ರಂಡ್ ಬೆಲ್ ಅವರ ನೇತೃತ್ವದ ಸಮಿತಿ ಕೂತಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ನಿಯಮ ತಂದಿತು: ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆಗಿಂತ ಹೆಚ್ಚಿಲ್ಲ. 2003ರಲ್ಲಿ 80 ಗಂಟೆಯ ಮಿತಿ ಇಡೀ ಅಮೆರಿಕಕ್ಕೆ ಬಂತು. ನಮ್ಮ ಕೇಂದ್ರ ಸರ್ಕಾರ ಕೂಡ 1992ರಲ್ಲೇ ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 48 ಗಂಟೆ ಎಂದು ಬರೆದಿದೆ. ಅದು ಕಾಗದದಿಂದ ವಾರ್ಡಿಗೆ ಇಳಿಯಬೇಕು ಎಂದು ಕಿರಿಯ ವೈದ್ಯರು ಇನ್ನೂ ಕೇಳುತ್ತಲೇ ಇದ್ದಾರೆ.

ಔಷಧಿಯ ಪಾಠ ಮಾತ್ರ ಅಷ್ಟು ಬೇಗ ಹರಡಲಿಲ್ಲ. 1999ರಲ್ಲಿ ಬ್ರಿಟನ್ನಿನಲ್ಲಿ ಖಿನ್ನತೆಯ ಒಂದು ಔಷಧಿ ಬರೆಯುತ್ತಿದ್ದ ವೈದ್ಯರನ್ನು ಕೇಳಿದಾಗ 85%ಕ್ಕೂ ಹೆಚ್ಚು ಮಂದಿಗೆ ಈ ರೋಗದ ಪರಿಚಯವೇ ಇರಲಿಲ್ಲ. ಅಷ್ಟರಲ್ಲಿ ಫೆನೆಲ್ಜಿನ್ ಮೂಲೆ ಸೇರಿ, ಫ್ಲೂಆಕ್ಸೆಟಿನ್, ಸರ್ಟ್ರಲಿನ್ ಎಲ್ಲ ಕಡೆ ಬಂದಿದ್ದವು, ಆಮೇಲೆ ಎಸ್ಸಿಟಲೊಪ್ರಾಮ್ ಕೂಡ ಬಂತು. ಇವು ಮೊದಲಿನದ್ದಕ್ಕಿಂತ ಎಷ್ಟೋ ಸುರಕ್ಷಿತ. ಒಂದನ್ನೇ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಜೀವಕ್ಕೆ ಎರವಾಗುವ ಸೆರೊಟೋನಿನ್ ಸಿಂಡ್ರೋಮ್ ಬಹಳ ಅಪರೂಪ. ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ಏಕಾಏಕಿ ಬಿಡಬೇಡಿ, ದಯವಿಟ್ಟು.

ಅಪಾಯ ಇರುವುದು ಎರಡನೆಯ ಚೀಟಿಯಲ್ಲಿ. ಮನೋವೈದ್ಯರು ಎಸ್ಸಿಟಲೊಪ್ರಾಮ್ ಬರೆದಿರುತ್ತಾರೆ. ಸೊಂಟ ನೋವಿಗೆ ಇನ್ನೊಬ್ಬರು ಟ್ರಮಡಾಲ್ ಬರೆಯುತ್ತಾರೆ. ಒಣ ಕೆಮ್ಮಿಗೆ ಅಂಗಡಿಯಲ್ಲಿ ಕೇಳಿ ತಂದ ಸಿರಪ್‌ನಲ್ಲಿ ಡೆಕ್ಸ್ಟ್ರೊಮೆಥಾರ್ಫಾನ್ ಇರುತ್ತದೆ. ಇವೂ ಸೆರೊಟೋನಿನ್ ಏರಿಸುವಂಥವೇ. ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಆಂಟಿಬಯಾಟಿಕ್ ಆದರೂ ಫೆನೆಲ್ಜಿನ್ ಮುಚ್ಚುವ ಅದೇ ತೂಬನ್ನು ಸ್ವಲ್ಪ ಮುಚ್ಚುತ್ತದೆ. ಕಾಕತಾಳೀಯ ನೋಡಿ, ಈ ಜಾತಿಯ ಮೊದಲ ಖಿನ್ನತೆ ಔಷಧಿ ಇಪ್ರೊನಿಯಾಜಿಡ್ ಕೂಡ 1950ರ ದಶಕದಲ್ಲಿ ಟಿಬಿಗೆಂದೇ ಬಂದದ್ದು. ನಮ್ಮಲ್ಲಿ 2018ರಿಂದ ಟ್ರಮಡಾಲ್ ಮಾದಕವಸ್ತು ಕಾಯ್ದೆಯ ಬಿಗಿಗೆ ಬಂದಿದೆ. ಹಾಗೆಂದು ಅದರ ಬಳಕೆ ನಿಂತಿಲ್ಲ. ಟಿಬಿ ವಾರ್ಡಿನ ವೈದ್ಯರಿಗೆ ಮನೋವೈದ್ಯರ ಚೀಟಿ ತೋರಿಸಲು ರೋಗಿಗೆ ನಾಚಿಕೆ. ಆ ನಾಚಿಕೆ ಹೋಗಿಸುವುದು ಕೇಳುವವರ ಕೆಲಸ. "ಏನಾದರೂ ಮಾತ್ರೆ ತಗೋತೀರಾ?" ಎಂದು ಕೇಳಿದರೆ ಬಿಪಿ, ಶುಗರ್ ಮಾತ್ರೆಯ ಹೆಸರು ಬರುತ್ತದೆ. "ನಿದ್ದೆಗೆ, ಟೆನ್ಷನ್‌ಗೆ, ಮನಸ್ಸಿಗೆ ಏನಾದರೂ? ಕಳೆದ ತಿಂಗಳು ಬಿಟ್ಟದ್ದಾದರೂ ಪರವಾಗಿಲ್ಲ, ಹೇಳಿ" ಎಂದು ಬಿಡಿಸಿ ಕೇಳಿದರೆ ನಿಜ ಹೊರಬರುತ್ತದೆ. ಕಳೆದ ತಿಂಗಳದ್ದು ಏಕೆ ಎಂದರೆ, ಫ್ಲೂಆಕ್ಸೆಟಿನ್ ನಿಲ್ಲಿಸಿದ ಮೇಲೆ ಫೆನೆಲ್ಜಿನ್ ಗುಂಪಿನ ಮಾತ್ರೆ ಶುರು ಮಾಡಲು ಐದು ವಾರ ಕಾಯಬೇಕು. ಅಷ್ಟು ದಿನ ಅದು ಮೈಯಲ್ಲಿರುತ್ತದೆ.

ಗುಣವಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಔಷಧಿ ನಿಂತಿತು, ಖಿನ್ನತೆ ಅಲ್ಲೇ ಇದೆ. ಮನೆಗೆ ಕಳಿಸುವ ಮುಂಚೆ ಮನೋವೈದ್ಯರೊಡನೆ ಮಾತಾಡಿ, ಯಾವ ಮಾತ್ರೆ ಯಾವಾಗ ಮತ್ತೆ ಶುರು ಎಂದು ಗೊತ್ತುಮಾಡಬೇಕು. ನಡುವೆ ಮನಸ್ಸು ಕುಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು ಎಂದು ಮನೆಯವರಿಗೂ ಹೇಳಬೇಕು, ಕನ್ನಡದಲ್ಲೇ ಮಾತಾಡುತ್ತಾರೆ. ಡಿಸ್ಚಾರ್ಜ್ ಕಾರ್ಡಿನ ಮೇಲ್ತುದಿಯಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ: ಇವರಿಗೆ ಸೆರೊಟೋನಿನ್ ಸಿಂಡ್ರೋಮ್ ಆಗಿತ್ತು. ಪೆಥಿಡಿನ್, ಟ್ರಮಡಾಲ್, ಲಿನೆಜೋಲಿಡ್ ಕೊಡುವ ಮುಂಚೆ ಫೋನ್ ಮಾಡಿ. ಅದರ ಕೆಳಗೆ ನಂಬರ್. ರಾತ್ರಿಯಾದರೂ ಸರಿ.